ಅಟ್ಟದ ಗೋಡೆಯ ಅಮ್ಮ

ಕೊರೊನಾ ಬಂದು ತಿಪಟೂರಿನ ನಮ್ಮ ಚಿತ್ರಕಲಾ ಶಾಲೆಗೆ ಬೀಗ ಬಿತ್ತು. ಕೊನೆಯ ವರ್ಷದ ಪ್ರದರ್ಶನ ಆನ್‌ಲೈನ್‌ನಲ್ಲೇ, ಮನೆಯಿಂದಲೇ ವಿಡಿಯೋ ಕಳಿಸಿ ಎಂದರು ಮೇಷ್ಟ್ರು. ಮಿಕ್ಕವರು ಗೊಣಗಿದರು. ನನಗೆ ಮಾತ್ರ ಖುಷಿಯೋ ಖುಷಿ. ಚಿತ್ರ ಹೊತ್ತೊಯ್ಯುವ ರಗಳೆಯಿಲ್ಲ ಎಂದಮೇಲೆ ಗೋಡೆಯ ಮೇಲೇ ಬರೆಯಬಹುದಲ್ಲ! ಬಿಳಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ, ಕೊಬ್ಬರಿಯಾಗಲೆಂದು ಒಟ್ಟಿದ್ದ ಕಾಯಿರಾಶಿಯ ಹಿಂದಿನ ಸುಣ್ಣದ ಗೋಡೆಗೆ, ಚಿಪ್ಪಿನ ಇದ್ದಿಲಿನಿಂದ ಅಮ್ಮನನ್ನು ಆಳೆತ್ತರಕ್ಕೆ ಬರೆದೆ. ಸೆರಗು ಸಿಕ್ಕಿಸಿ ಕಾಯಿ ಸುಲಿಯಲು ಬಗ್ಗಿದ ಅಮ್ಮ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.

ನನ್ನ ಡಬ್ಬಾ ಫೋನಿನಲ್ಲಿ ಅದು ಮಸುಕಾಗಿ ಬಂತು. ಒಳ್ಳೆಯ ಫೋನಿದ್ದ ಸಹಪಾಠಿ ಗೆಳತಿಯನ್ನು ದಬ್ಬೇಘಟ್ಟದಿಂದ ಕರೆಸಿದೆ. ಒಂದೇ ತಟ್ಟೆಯಲ್ಲಿ ಉಂಡವಳು. ಕೊಬ್ಬರಿ ಮಾರುವ ತನಕ ನಮ್ಮ ಮನೆಯಲ್ಲಿ ಹೊರಗಿನವರನ್ನು ಅಟ್ಟ ಹತ್ತಿಸುವುದಿಲ್ಲ, ಕಣ್ಣು ಬೀಳುತ್ತದೆ ಅಂತ. ಅಪ್ಪ ತೋಟಕ್ಕೆ ಹೋದದ್ದು ನೋಡಿಕೊಂಡು ಅಮ್ಮನೇ ಏಣಿ ಹಿಡಿದಳು. "ಹತ್ತವ್ವ, ನೀನೇನು ಹೊರಗಿನವಳಾ?" ಎಂದಳು. ಗೆಳತಿ ವಿಡಿಯೋ ತೆಗೆದು ಇಳಿದ ಮೇಲೆ ಮುದ್ದೆ, ಬಸ್ಸಾರು ಬಡಿಸಿದಳು.

"ನಮ್ಮೂರಲ್ಲಿ ನೆಟ್‌ವರ್ಕ್ ಚೆನ್ನಾಗೈತೆ, ನಾನೇ ಕಳಿಸ್ತೀನಿ ಬುಡೇ" ಎಂದು ಗೆಳತಿ ಹೊರಟಳು.

ಪ್ರದರ್ಶನದ ದಿನ ಅಮ್ಮ ನನ್ನ ಭುಜಕ್ಕೆ ಒರಗಿ ಫೋನು ನೋಡುತ್ತಿದ್ದಳು. ನನ್ನ ಹೆಸರಿನ ಕೆಳಗೆ ನಾನು ಯಾವಾಗಲೋ ಬರೆದು ಗೆಳತಿಗೆ ಕಳಿಸಿದ್ದ ಹೂಕುಂಡದ ಫೋಟೋ. ಗೆಳತಿಯ ಹೆಸರಿನ ಕೆಳಗೆ ನಮ್ಮ ಅಟ್ಟ, ನಮ್ಮ ಗೋಡೆ, ಜೊತೆಗೆ ಅವಳದೇ ದನಿ: "ಇದು ನಮ್ಮಮ್ಮ."

"ಇವಳ್ಯಾಕೆ ನನ್ನನ್ನ ತನ್ನಮ್ಮ ಅಂತವ್ಳೆ?" ಎಂದಳು ಅಮ್ಮ.

ಫೋನ್ ಮಾಡಿದೆ. "ಬರೆದಿದ್ದು ನೀನೇ ಕಣೇ, ಯಾರು ಇಲ್ಲ ಅಂದ್ರು? ಆನ್‌ಲೈನಲ್ಲಿ ವಿಡಿಯೋನೇ ತಾನೆ ಕೃತಿ? ವಿಡಿಯೋ ನಂದು" ಎಂದಳು ಗೆಳತಿ. ಥೂ, ಇವಳ ಮನೆ ಹಾಳಾಗ! ನಂಬಿ ಕೆಟ್ಟೆನಲ್ಲ ಎಂದು ಅಳುತ್ತಲೇ ಮೇಷ್ಟ್ರಿಗೆ ಹೇಳಿದೆ.

"ಗೋಡೆ ಎಲ್ಲಿಗೂ ಓಡೋಗಲ್ವಲ್ಲಮ್ಮ, ನಾಳೆ ಬಂದು ನೋಡ್ತೀನಿ" ಎಂದರು.

ಮರುದಿನ ಮೇಷ್ಟ್ರ ಬೈಕಿನ ಸದ್ದು ಕೇಳಿ ಏಣಿಯ ಹತ್ತಿರ ಓಡಿದೆ. ಅಮ್ಮ ಅಟ್ಟದಿಂದ ಇಳಿಯುತ್ತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ, ಮೊಣಕೈವರೆಗೂ ಮಸಿ.

"ನಾನೇ ಹತ್ತಿಸಿದ್ನಲ್ಲೇ ಅವಳನ್ನ. ಕಣ್ಣು ಬಿದ್ದಿದ್ದು ಮನೇಲಿರಬಾರದು, ಒರೆಸ್ಬುಟ್ಟೆ."

ಮೇಷ್ಟ್ರಿಗೆ ತೋರಿಸಲು ಮಸಿ ಬಳಿದ ಗೋಡೆಯಷ್ಟೇ ಇತ್ತು; ವಿಡಿಯೋ ಅವಳ ಹೆಸರಲ್ಲೇ ಉಳಿಯಿತು. ಇವತ್ತಿಗೂ ಗೋಡೆಯ ಆ ಅಮ್ಮನನ್ನು ನೋಡಬೇಕೆನಿಸಿದರೆ ಫೋನಿನಲ್ಲಿ ಆ ದ್ರೋಹಿಯ ಹೆಸರನ್ನೇ ಹುಡುಕಬೇಕು, "ಇದು ನಮ್ಮಮ್ಮ" ಎನ್ನುವ ಅವಳ ದನಿ ಕೇಳಿಕೊಂಡೇ ನೋಡಬೇಕು.