ತಿವೊಂಗೆಯನ್ನು ನೋಡಿದ ಡ್ರೋನು

ಕಸುಂಗು ಪೇಟೆಯ ತಿವೊಂಗೆ ಮೊದಲು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಆಮೇಲೆ ಎರಡು ವರ್ಷ ಒಂದು ಡ್ರೋನಿಗೆ ದಾರಿ ನೋಡುವುದನ್ನು ಕಲಿಸಿದಳು. ಹೊಳೆಯ ತಿರುವು, ತಗಡಿನ ಸೂರುಗಳನ್ನು ಕ್ಯಾಮೆರಾದಲ್ಲಿ ಗುರುತು ಹಿಡಿದು, ಅಡ್ಡ ಬಂದ ಗುಡ್ಡವನ್ನು ಸುತ್ತಿ ಬಳಸಿ, ಅದು ತಾನೇ ಹಳ್ಳಿಯ ಆಸ್ಪತ್ರೆಗೆ ಔಷಧ ತರಬೇಕು. ಅಲ್ಲಿನ ಅಂಗಳದಲ್ಲಿ ಹಾಸಿದ ಕಪ್ಪು-ಬಿಳಿ ಚೌಕಳಿ ಬಟ್ಟೆ ಕಂಡರೆ, ಮೇಲೇ ನಿಂತು ದಾರದಲ್ಲಿ ಪೆಟ್ಟಿಗೆ ಇಳಿಸಬೇಕು.

ಪರೀಕ್ಷೆಯ ದಿನ ರಾಜಧಾನಿಯಿಂದ ಬಂದ ಅಧಿಕಾರಿ ಗೊಂಡ್ವೆ ಖಡಾಖಂಡಿತವಾಗಿ ಹೇಳಿಬಿಟ್ಟ: "ಪೆಟ್ಟಿಗೆ ಈ ಅಂಗಳದಲ್ಲೇ ಇಳೀಬೇಕು. ಇಲ್ಲಾಂದ್ರೆ ಈ ಆಟ ಇವತ್ತಿಗೇ ಬಂದ್."

ಎಲ್ಲರೂ ಒಂದೇ ಬಟ್ಟೆ ತೊಡದಿದ್ದರೆ ನಮ್ಮಲ್ಲಿ ಅದೂ ಒಂದು ಸಮಾರಂಭವೇ? ಹೆಂಗಸರ ಸಂಘದ ಯಜಮಾನಿ ನಾಫಿರಿ ಸ್ವಾಗತಕ್ಕೆ ಕುಣಿಯುವ ನಲವತ್ತು ಜನಕ್ಕೂ ಉಡುಪು ಹೊಲಿಸಿದ್ದಳು. ಯಾವ ಬಟ್ಟೆಯದು? ಅದೇ ಚೌಕಳಿ! ಬೆಳಿಗ್ಗೆ ತಿವೊಂಗೆಗೂ ಒಂದು ತೊಡಿಸಿದ್ದಳು. ಈ ಮಹಾ ಬುದ್ಧಿವಂತೆ ಖುಷಿಯಲ್ಲಿ ತೊಟ್ಟುಕೊಂಡಿದ್ದಳು.

ಡ್ರೋನು ಬಂತು. ಕುಣಿತ ಜೋರಾಯಿತು. ನಲವತ್ತು ಜನರ ಕಾಲಿಗೆ ಕೆಂಪು ಧೂಳೆದ್ದು, ಹಾಸಿದ ಬಟ್ಟೆ ಮುಚ್ಚಿಯೇ ಹೋಯಿತು. ಡ್ರೋನು ಸೀದಾ ನಾಫಿರಿಯ ಬೆನ್ನು ಹತ್ತಿತು.

"ಅಯ್ಯಯ್ಯೋ, ಇದೇನೇ, ನನ್ನನ್ನೇ ಅಟ್ಟಿಸ್ಕೊಂಡು ಬರ್ತಿದೆ!"

"ನಿನ್ನ ಸೊಂಟಕ್ಕೆ ಮರುಳಾಗಿದೆ ಕಣಕ್ಕಾ!" ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು.

ಬ್ಯಾಟರಿ ಉಳಿದದ್ದು ಮೂರೇ ನಿಮಿಷ. ತಿವೊಂಗೆ ಓಡಿಬಂದು ಕೂಗಿದಳು: "ಚಿಕ್ಕಮ್ಮಾ, ಎಲ್ಲರನ್ನೂ ಒಳಗೆ ಕರ್ಕೊಂಡು ಹೋಗಿ! ಅದು ನಿಮ್ಮ ಬಟ್ಟೆ ನೋಡ್ತಿದೆ!"

"ಕುಣಿಯೋದು ಬೇಡ್ವಾ ಹಾಗಾದ್ರೆ?"

"ಆಮೇಲೆ ಸುಸ್ತಾಗೋವರೆಗೂ ಕುಣೀರಿ, ಈಗ ಓಡಿ!"

ಎಲ್ಲರೂ ಕಿರುಚುತ್ತ ವರಾಂಡ ಸೇರಿದರು. ಹಾಸಿದ ಬಟ್ಟೆ ಕೊಡವಲು ಹೊತ್ತೆಲ್ಲಿ? ತಿವೊಂಗೆ ಹೊಸ ಉಡುಪಿನಲ್ಲೇ ಅದೇ ಜಾಗದಲ್ಲಿ ಅಂಗಾತ ಮಲಗಿಬಿಟ್ಟಳು. ಡ್ರೋನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಹೊರಳಿ, ಅವಳ ನೇರಕ್ಕೆ ಬಂದು ನಿಂತಿತು. ಪೆಟ್ಟಿಗೆ ಮೆಲ್ಲಗೆ ಇಳಿದು ಅವಳ ಹೊಟ್ಟೆಯ ಮೇಲೆ ಕೂತಿತು.

ಗೊಂಡ್ವೆ ಬಗ್ಗಿ ನೋಡಿದ. "ದಾರಿ ಅದು ಕಂಡುಕೊಂಡಿತೋ, ನೀನು ತೋರಿಸಿದೆಯೋ?"

"ನಲವತ್ತು ಕಿಲೋಮೀಟರ್ ಅದೇ ಬಂತು ಸಾರ್. ಕೊನೇ ಎರಡು ಮಾರಲ್ಲಿ ಎಡವಟ್ಟು ಮಾಡಿದ್ದು ನಾವು."

ಗೊಂಡ್ವೆಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ತಿವೊಂಗೆ ಮಾತ್ರ ಏಳಲಿಲ್ಲ. ಎರಡು ವರ್ಷ ಅದಕ್ಕೆ "ನೋಡು, ಸರಿಯಾಗಿ ನೋಡು" ಎಂದು ಗೋಗರೆದಿದ್ದಳು. ಇವತ್ತು ಅದು ಅವಳನ್ನೇ ನೋಡಿತ್ತು. ಪೆಟ್ಟಿಗೆಯನ್ನು ಅಪ್ಪಿಕೊಂಡು, ಧೂಳಲ್ಲಿ ಮಲಗಿಯೇ, ನಗುನಗುತ್ತ ಅತ್ತುಬಿಟ್ಟಳು.