ಹಿತ್ತಲಿನ ಗೋವಿನಜೋಳ

ನಾನು ಶಲವಡಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ನಡುವೆ. ಆಗ ನಮ್ಮ ಕಾಲುವೆ ಬಾಜೂಕಿನ ಹೊಲಕ್ಕೆ ಏನೋ ಬೇನೆ ಹತ್ತಿತ್ತು. ಅಗದಿ ಚಲೋ ಎರಿ ಹೊಲ ಅದು, ಕಪ್ಪು ಮಣ್ಣಿನದು. ಮೊದಲೆಲ್ಲ ಅಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದ ನಮ್ಮ ಮಾವ, ಕಾಲುವೆಗೆ ನೀರು ಬಂದ ಮೇಲೆ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಹಾಕತೊಡಗಿದ್ದರು. ಒಂದೆರಡು ವರ್ಷ ಬೆಳೆ ಆಳೆತ್ತರ ಬಂತಂತೆ. ಆಮೇಲೆ ಏನಾಯಿತೋ, ಗಿಡ ಮೊಳಕಾಲುದ್ದ ಆಗುವುದರೊಳಗೆ ಎಲೆಯ ಮೇಲೆ ಬಿಳಿ ಪಟ್ಟೆ ಮೂಡಿ, ಸುಳಿ ಬೆಳ್ಳಗಾಗಿ, ಕುಂತಲ್ಲೇ ಕುಂತುಬಿಡುತ್ತಿತ್ತು. ಮಾವ ಯೂರಿಯಾ ಹೆಚ್ಚಿಗೆ ಹಾಕಿ ನೋಡಿದರು. ನೀರು ಕಡಿಮೆ ಮಾಡಿ ನೋಡಿದರು. ಹೊಲಕ್ಕೆ ಯಾರದೋ ಕಣ್ಣು ಬಿದ್ದಿದೆ ಎಂದು ಅತ್ತೆ ಒಡ್ಡಿನ ಮೇಲೆ ತೆಂಗಿನಕಾಯಿ ಒಡೆಸಿ ಬಂದರು. ಯಾವುದಕ್ಕೂ ಹೊಲ ಜಗ್ಗಲಿಲ್ಲ.

ಅಂಥ ಹೊಲಗಳನ್ನೇ ಹುಡುಕುತ್ತ ಒಂದು ಬೇಸಿಗೆಯಲ್ಲಿ ಧಾರವಾಡದಿಂದ ಒಬ್ಬ ಹೆಣ್ಣುಮಗಳು ಬಂದರು. ಮಣ್ಣಿನ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವರು. ಅಣ್ಣಿಗೇರಿಯಲ್ಲಿ ಬಸ್ಸು ಬದಲಿಸಿ, ಹೆಗಲಿಗೊಂದು ದಪ್ಪ ಬಟ್ಟೆಯ ಚೀಲ ಹಾಕಿಕೊಂಡು, ನಡುಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಬಂದು ಕೂತು ಮೊದಲು ನೀರು ಕೇಳಿದರು, ಆಮೇಲೆ ಗುದ್ದಲಿ ಕೇಳಿದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾರು ಅನ್ನುವುದು ರೂಢಿ. ಇವರು ಕಲಿಸುವವರಲ್ಲದಿದ್ದರೂ ಅತ್ತೆ ಹಾಗೆ ಕರೆದರು, ಊರೂ ಹಾಗೇ ಕರೆಯಿತು.

ಮಾವ ಗುದ್ದಲಿ ಕೊಟ್ಟರು. ಆದರೆ ಆಳನ್ನು ಕರೆಯಲು ಎದ್ದಾಗ ಅಕ್ಕಾರು ಬೇಡವೆಂದರು.

"ನಾನ ತೆಗಿತೇನ್ರಿ ಯಜಮಾನ್ರ. ಬ್ಯಾರೆದವ್ರು ತೆಗೆದ್ರ ಮ್ಯಾಲಿನ ಮಣ್ಣ ಅಷ್ಟ ಕೆರದು ಕೊಡತಾರ."

ನಾನು ನೀರಿನ ತಂಬಿಗೆ ಹಿಡಿದು ಅವರ ಹಿಂದೆ ಹೋದೆ. ಸೆರಗು ಬಿಗಿದು ಕಟ್ಟಿ, ಹೊಲದ ಆ ಮೂಲೆ ಈ ಮೂಲೆಯಲ್ಲಿ ಕುಣಿ ತೋಡಿ, ಕುಣಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ತೆಗೆದರು. ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಸುರಿದು ಕೈಯಿಂದ ಕಲಸಿ, ರೊಟ್ಟಿಯಂತೆ ಹರವಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತೆಗೆದು ಚೆಲ್ಲಿದರು. ಉಳಿದದ್ದನ್ನು ಮತ್ತೆ ಕಲಸಿದರು, ಮತ್ತೆ ನಾಲ್ಕು ಪಾಲು. ಹೀಗೆ ಕೊನೆಗೆ ಒಂದು ಚೀಲದಷ್ಟು ಮಣ್ಣು ಉಳಿಯಿತು. ಇಡೀ ಹೊಲ ಆ ಚೀಲದಲ್ಲಿದೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಆಮೇಲೆ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ಒಂದು ಮಣ್ಣಿನ ಹೆಂಟೆಯ ಮೇಲೆ ಹನಿ ಹಾಕಿದರು. ಹೆಂಟೆ ಬುಸ್ಸೆಂದು ನೊರೆ ಉಕ್ಕಿಸಿತು. ನೋಡಲು ಬಂದಿದ್ದ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, "ಮಣ್ಣು ಕುದೀತಲ್ಲ ಯವ್ವಾ" ಅಂದರು.

"ಸುಣ್ಣ ಐತ್ರಿ ಅದರಾಗ. ಆ್ಯಸಿಡ್ಡಿಗೆ ಗ್ಯಾಸ್ ಬರತೈತಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅಕ್ಕಾರು ತಿರುಗಿ ನೋಡಿದರು. "ಎಲ್ಲೀತನಕ ಕಲತಿ ತಂಗಿ?"

"ಪಿಯುಸಿ ಸಾಯನ್ಸರಿ. ಆಮ್ಯಾಲ ಲಗ್ನ ಆತು."

ಅವರು ಅಯ್ಯೋ ಅನ್ನಲಿಲ್ಲ, ಮರುಕದ ಮಾತಾಡಲಿಲ್ಲ. "ಹಂಗಾರ ನನಗ ನಿನ್ನ ಉಪಯೋಗ ಐತಿ" ಅಂದರು. ಲಗ್ನವಾದ ಮೇಲೆ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ.

ಅವರ ತರ್ಕ ಹೀಗಿತ್ತು. ಎರಿ ಮಣ್ಣಿನಲ್ಲಿ ಸುಣ್ಣ ಹೆಚ್ಚು. ಸುಣ್ಣ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಬೆಳೆಗೆ ರಂಜಕ ಸಾಲುತ್ತಿಲ್ಲ. ರಂಜಕದ ಗೊಬ್ಬರ, ರೈತರ ಬಾಯಲ್ಲಿ ಸುಪರ್, ಹೆಚ್ಚಿಗೆ ಕೊಟ್ಟರೆ ಗಿಡ ಚೇತರಿಸಬೇಕು. ಮಳೆಗಾಲ ಹಿಡಿಯುತ್ತಲೇ ಮತ್ತೆ ಬಂದು, ಮಾವನವರನ್ನು ಒಪ್ಪಿಸಿ, ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಹಗ್ಗ ಹಿಡಿದು ಅಳೆದರು. ಒಂದು ಪಟ್ಟಿಗೆ ಏನೂ ಇಲ್ಲ, ಇನ್ನೊಂದಕ್ಕೆ ಸ್ವಲ್ಪ ಸುಪರ್, ಮುಂದಿನದಕ್ಕೆ ಇನ್ನೂ ಹೆಚ್ಚು. ಅದೇ ಹೊಲದ ಮಣ್ಣನ್ನು ನಮ್ಮ ಹಿತ್ತಲಲ್ಲಿ ಮಣ್ಣಿನ ಕುಂಡಗಳಿಗೂ ತುಂಬಿಸಿ, ಅವುಗಳಿಗೂ ಹಾಗೇ ಸುಪರ್ ಹಾಕಿ, ಗೋವಿನಜೋಳ ಊರಿದರು. ಕುಂಡಗಳು ನನ್ನ ಪಾಲಿಗೆ.

"ಕಾಲುವಿ ನೀರು ಬ್ಯಾಡ, ಬಾವಿ ನೀರೂ ಬ್ಯಾಡ. ಅದರಾಗ ಏನೇನೋ ಉಪ್ಪು ಇರತಾವು. ಬರೇ ಮಳಿ ನೀರು ಹಾಕು" ಅಂದರು.

ಅಣ್ಣಿಗೇರಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರು ಅದಕ್ಕೆಂದೇ ಒಂದು ಹೊಚ್ಚ ಹೊಸ ತಗಡಿನ ಪೀಪಾಯಿ ತಂದುಕೊಟ್ಟರು. ಹಿತ್ತಲಲ್ಲಿಟ್ಟು ಮಳೆ ನೀರು ತುಂಬಿಸಿದೆ.

ಅಕ್ಕಾರು ಬಂದ ದಿನ ಹೊಲದಲ್ಲೇ ಊಟ. ರೊಟ್ಟಿ, ಝುಣಕ, ಮೊಸರು ಒಯ್ಯುತ್ತಿದ್ದೆ. ಒಮ್ಮೆ ಒಡ್ಡಿನ ಮೇಲೆ ಕೂತು ಉಣ್ಣುವಾಗ ಮಾವ ಕೇಳಿದರು, "ಅಲ್ರಿ ಅಕ್ಕಾರ, ಗಿಡ ಏನು ತಿಂತೈತಿ ಅಂತ ಮೊದಲ ಯಾರು ಹುಡುಕಿದ್ರು?"

ಅವರು ನೂರಾರು ವರ್ಷದ ಹಿಂದಿನ ಕಥೆ ಹೇಳಿದರು. ಪರದೇಶದ ಒಬ್ಬ ಮನುಷ್ಯ ಒಣ ಮಣ್ಣನ್ನು ತೂಗಿ ದೊಡ್ಡ ಕುಂಡಕ್ಕೆ ತುಂಬಿ, ಅದರಲ್ಲೊಂದು ಸಸಿ ನೆಟ್ಟನಂತೆ. ವರ್ಷಗಟ್ಟಲೆ ಬರೀ ನೀರು ಹಾಕಿದ. ಸಸಿ ಮರವಾಯಿತು. ಕಿತ್ತು ಮತ್ತೆ ತೂಗಿದರೆ ಮರ ಬಲು ಭಾರ, ಮಣ್ಣು ಮಾತ್ರ ಚೂರೇ ಚೂರು ಕಡಿಮೆಯಾಗಿತ್ತು. ಹಾಗಾದರೆ ಮರ ಆದದ್ದೆಲ್ಲ ನೀರಿನಿಂದ ಎಂದು ಆತ ಬರೆದಿಟ್ಟ.

"ಅದು ತಪ್ಪಲ್ಲೇನ್ರಿ ಮತ್ತ?" ಅಂದರು ಮಾವ.

"ತಪ್ಪರಿ. ಗಾಳಿನೂ ತಿಂತೈತಿ ಅಂತ ಅಂವಗ ಗೊತ್ತಿರಲಿಲ್ಲ. ಆ ಚೂರು ಮಣ್ಣಿನಾಗ ಏನು ಹೋತು ಅಂತನೂ ಕೇಳಲಿಲ್ಲ. ಆದ್ರ ತೂಗಿದ್ದು ತಪ್ಪಲ್ರಿ. ಅಂವ ತೂಗಿದ್ದಕ್ಕ ಮುಂದ ಬಂದವ್ರಿಗೆ ಅವನ ತಪ್ಪು ಸಿಕ್ಕಿತು."

ಮಾವ ರೊಟ್ಟಿ ಮುರಿಯುವುದನ್ನು ಬಿಟ್ಟು ಅವರ ಮುಖ ನೋಡಿದರು. ಆ ದಿನದಿಂದ ಅಕ್ಕಾರು ಬಂದರೆ ಮಾವ ತಾವೇ ಮೊದಲು ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೊರಡುತ್ತಿದ್ದರು.

ಆದರೆ ಬೆಳೆ ಅಕ್ಕಾರ ಮಾತು ಕೇಳಲಿಲ್ಲ. ಏನೂ ಹಾಕದ ಪಟ್ಟಿ ಎಂದಿನಂತೆ ತುಸು ಬೆಳ್ಳಗೆ. ಸುಪರ್ ಹಾಕಿದ್ದು ಅದಕ್ಕಿಂತ ಬೆಳ್ಳಗೆ. ಎಲ್ಲಕ್ಕಿಂತ ಹೆಚ್ಚು ಹಾಕಿದ ಪಟ್ಟಿಯಂತೂ ದೂರದಿಂದ ನೋಡಿದರೆ ಒಗೆದು ಒಣಹಾಕಿದ ಧೋತರದಂತೆ ಕಾಣುತ್ತಿತ್ತು. ಊರವರು ಹಾದುಹೋಗುವಾಗ ನಿಂತು ನೋಡಿ ನಗತೊಡಗಿದರು. ಮಾವ ನಗಲಿಲ್ಲ. ಮಾತೂ ಕಡಿಮೆ ಮಾಡಿದರು.

ಸುತ್ತಲಿನ ಊರುಗಳ ರೈತರನ್ನು ಹೊಲಕ್ಕೆ ಕರೆಸಿ ಪಟ್ಟಿಗಳನ್ನು ತೋರಿಸುವುದೆಂದು ಮೊದಲೇ ಗೊತ್ತಾಗಿತ್ತು. ಅಕ್ಕಾರ ಹಿರಿಯ ಸಾಹೇಬರೂ ಬರುವವರಿದ್ದರು. ಅದರ ಹಿಂದಿನ ದಿನ ಅಕ್ಕಾರು ಬಂದು ಪಟ್ಟಿಗಳ ನಡುವೆ ಸುಮ್ಮನೆ ಅಡ್ಡಾಡಿದರು. ನಾನು ಕೇಳಿದೆ, "ಮುಂದ ಹಾಕಬಹುದಲ್ರಿ? ಮಳಿ ಬಂತು ಅಂತ ಹೇಳಿದ್ರಾತು."

"ಹೇಳಬಹುದು ತಂಗಿ. ಆದ್ರ ಈಗ ಕಾಣೂದು ಆಮ್ಯಾಲ ಕಾಣಂಗಿಲ್ಲ. ಅವರು ಬಂದು ನೋಡಲಿ."

ಮರುದಿನ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ, ಸೈಕಲ್ಲಿನಲ್ಲಿ ಜನ ಬಂದರು. ಹೆಂಗಸರೆಂದರೆ ನಾನು, ಅತ್ತೆ, ಅಕ್ಕಾರು. ಸಾಹೇಬರು ನಾಲ್ಕು ಮಾತಾಡಿ ಅಕ್ಕಾರಿಗೆ ಬಿಟ್ಟುಕೊಟ್ಟರು. ಅವರು ಎಲ್ಲಕ್ಕಿಂತ ಬೆಳ್ಳಗಿದ್ದ ಪಟ್ಟಿಯ ಮುಂದೆ ಹೋಗಿ ನಿಂತರು.

"ಈ ಹೊಲಕ್ಕ ರಂಜಕ ಸಾಲವಲ್ದು ಅಂತ ನಾ ತಿಳಕೊಂಡಿದ್ದೆ. ಅದು ತಪ್ಪಾಗೇತ್ರಿ. ಹೆಚ್ಚಿಗಿ ಹಾಕಿದಲ್ಲೆ ಬ್ಯಾನಿ ಹೆಚ್ಚಾಗೇತಿ. ಯಾಕ ಅಂತ ಇನ್ನೂ ಗೊತ್ತಿಲ್ಲ."

ಅಣ್ಣಿಗೇರಿ ಕಡೆಯ ಒಬ್ಬ ಹಿರಿಯರು, "ಗೊತ್ತಿಲ್ಲಂದ್ರ ಕೆಲಸ ಬಿಡಿಸಿ ನಮ್ಮನ್ಯಾಕ ಕರಸಿದ್ರಿ?" ಅಂದರು.

"ಇಂಥ ಬೆಳಿ ಕಂಡಾಗ ನೀವೂ ನನ್ನಂಗ ಸುಪರ್ ಸುರೀಬಾರದು ಅಂತ ಕರಸೇನ್ರಿ. ಇಷ್ಟ ಇವತ್ತು ನನಗ ಖರೆ ಗೊತ್ತಿರೂದು."

ಹಿರಿಯರು ಪಟ್ಟಿಯೊಳಗೆ ಹೋಗಿ ಒಂದು ಸುಳಿ ಬಗ್ಗಿಸಿ ನೋಡಿದರು. "ನಮ್ಮ ಹೊಲದಾಗೂ ಹಿಂಗ ಐತಿ" ಅಂದರು. ಅವರ ಹಿಂದೆ ಉಳಿದವರೂ ಇಳಿದರು. ನೋಡುನೋಡುತ್ತ ಎಲ್ಲರೂ ತಮ್ಮ ತಮ್ಮ ಹೊಲದ ಕಥೆ ಹೇಳಹತ್ತಿದರು, ಅಕ್ಕಾರು ಒಬ್ಬೊಬ್ಬರನ್ನೂ ಕೇಳುತ್ತ ನಿಂತರು. ಮಾವ ನನ್ನನ್ನು ಕರೆದು, "ಎಲ್ಲಾರಿಗೂ ಚಾ ಮಾಡಸು" ಅಂದರು. ಎಷ್ಟೋ ದಿನಗಳ ಮೇಲೆ ಅವರ ದನಿ ಮೊದಲಿನಂತಿತ್ತು.

ಜನ ಹೋದ ಮೇಲೆ, ಕುಂಡಗಳನ್ನು ಖಾಲಿ ಮಾಡಿಬಿಡೋಣವೆಂದು ಅಕ್ಕಾರು ನಮ್ಮ ಹಿತ್ತಲಿಗೆ ಬಂದರು. ಹೊಲದ ಗಡಿಬಿಡಿಯಲ್ಲಿ ಅವರು ಕೆಲವು ವಾರ ಇತ್ತ ತಲೆ ಹಾಕಿರಲಿಲ್ಲ; ದಿನವೂ ಆರೈಕೆ ಮಾಡಿದ್ದಕ್ಕೆ ಗಿಡ ಚಲೋ ಬಂದಿವೆ ಎಂದುಕೊಂಡು ನಾನೂ ಹೇಳಿರಲಿಲ್ಲ. ಬಂದವರು ಬಾಗಿಲಲ್ಲೇ ನಿಂತರು. ಕುಂಡದ ಗಿಡಗಳೆಲ್ಲ ಹಸಿರೋ ಹಸಿರು. ಹೆಚ್ಚು ಸುಪರ್ ಹಾಕಿದ ಕುಂಡದಲ್ಲಂತೂ ಎಲೆ ಅಗಲವಾಗಿ, ಕಪ್ಪು ಹಸಿರಾಗಿ ಬಂದಿತ್ತು.

"ತಂಗಿ, ಇದಕ್ಕ ಬ್ಯಾರೆ ಏನರ ಹಾಕಿಯೇನು?"

"ಇಲ್ರಿ. ನೀವು ಹೇಳಿದ್ದ ಮಳಿ ನೀರು ಅಷ್ಟ."

"ಸಗಣಿ, ಬೂದಿ, ಏನೂ ಇಲ್ಲ?"

"ಏನೂ ಇಲ್ರಿ."

ಅದೇ ಮಣ್ಣು, ಅದೇ ಬೀಜ, ಅದೇ ಗೊಬ್ಬರ. ಅವರು ಕುಂಡ ಎತ್ತಿ ನೋಡಿದರು, ಮಣ್ಣು ಮೂಸಿದರು. ನಾನು ದಿನದಂತೆ ನೀರು ಹಾಕಲು ಪೀಪಾಯಿಯಲ್ಲಿ ಚೆಂಬು ಅದ್ದಿದೆ. ಅವರ ಕಣ್ಣು ಅಲ್ಲಿ ನಿಂತಿತು. ಹತ್ತಿರ ಬಂದು ಪೀಪಾಯಿಯ ಒಳಬದಿಗೆ ಬೆರಳು ಸವರಿದರು. ಬೆರಳ ಮೇಲೆ ಬಿಳಿ ಹಿಟ್ಟಿನಂಥದ್ದು ಹತ್ತಿತು.

"ಇದು ಯಾವ ತಗಡು?"

"ತುಕ್ಕು ಹಿಡೀಬಾರದು ಅಂತ ಸತುವಿನ ನೀರು ಕುಡಿಸಿದ್ದು ಅಂತರಿ."

ಅಕ್ಕಾರು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಮಳೆ ನೀರು ತಗಡಿನ ಸತುವನ್ನು ಚೂರುಚೂರೇ ಕರಗಿಸಿಕೊಂಡಿತ್ತು. ಅದನ್ನೇ ನಾನು ದಿನವೂ ಗಿಡಗಳಿಗೆ ಕುಡಿಸಿದ್ದೆ. "ಸತು" ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ ನನಗೆ ತಿಳಿಸಿ ಹೇಳಿದರು: ಗಿಡಕ್ಕೆ ಬೇಕಾದದ್ದರಲ್ಲಿ ಒಂದೇ ಒಂದು ಕಡಿಮೆ ಬಿದ್ದರೂ ಉಳಿದದ್ದೆಲ್ಲ ಇದ್ದು ಉಪಯೋಗವಿಲ್ಲ. ಸತು ಮೊದಲೇ ಕಡಿಮೆಯಿದ್ದಲ್ಲಿ ರಂಜಕ ಹೆಚ್ಚಿದಷ್ಟೂ ಗಿಡಕ್ಕೆ ಅದು ಇನ್ನೂ ಸಿಗದಂತಾಗುತ್ತದೆ, ಹೊಲದ ಪಟ್ಟಿ ಬೆಳ್ಳಗಾದದ್ದು ಅದಕ್ಕೇ ಇರಬೇಕು. "ಹಿಟ್ಟು ಡಬ್ಬಿ ತುಂಬ ಇದ್ರೂ ನೀರಿದ್ದಷ್ಟ ಅಲ್ಲ ತಂಗಿ ನಿನ್ನ ರೊಟ್ಟಿ?"

ಇಷ್ಟಕ್ಕೇ ಗೆದ್ದೆನೆಂದು ಕುಣಿಯುವ ಹೆಂಗಸು ಅವರಲ್ಲ. ಹೊಸ ಕುಂಡಗಳಿಗೆ ಹೊಲದ ಮಣ್ಣು ತುಂಬಿಸಿ ಮತ್ತೆ ಬೀಜ ಊರಿಸಿದರು. ಈ ಸಲ ಮಳೆ ನೀರು ತುಂಬಿಟ್ಟದ್ದು ತಗಡಿನಲ್ಲಲ್ಲ, ಮಣ್ಣಿನ ಹರವಿಯಲ್ಲಿ. ಗಿಡ ಎದ್ದು ಸುಳಿ ಬಿಳಿಚಿದ ಮೇಲೆ ಧಾರವಾಡದಿಂದ ಮೂರು ಬಾಟಲಿ ತಂದರು. ನೋಡಲು ಮೂರೂ ತಿಳಿನೀರು. ಅರಳೆಯಿಂದ ಒಂದೊಂದು ಸಾಲಿನ ಎಲೆಗಳಿಗೆ ಒಂದೊಂದನ್ನು ಸವರಿ, ಗುರುತಿಗೆ ಕೆಂಪು, ನೀಲಿ, ಬಿಳಿ ದಾರ ಕಟ್ಟಬೇಕಿತ್ತು. ನನ್ನ ಕುಬಸ ಹೊಲಿಯುವ ದಾರಗಳನ್ನೇ ಕೊಟ್ಟೆ.

"ಯಾವುದರಾಗ ಏನೈತ್ರಿ?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ. ಜೋಡಿ ಕೆಲಸ ಮಾಡಾವ್ರ ಕಡೆ ತುಂಬಿಸಿಕೊಂಡ ಬಂದೇನಿ. ಗೊತ್ತಿದ್ರ ಕಣ್ಣು ತನಗ ಬೇಕಾದ್ದನ್ನ ನೋಡತೈತಿ."

ಅವರು ಹೋದ ಮೇಲೆ ನನಗೆ ಹಿತ್ತಲು ಬಿಟ್ಟರೆ ಬೇರೆ ಧ್ಯಾನವಿಲ್ಲ. ಒಲೆಯ ಮೇಲೆ ಹಾಲಿಟ್ಟು ನೋಡಿ ಬರುತ್ತಿದ್ದೆ. ಅತ್ತೆ ಬೈಯುತ್ತಿದ್ದರು, ಬೈದು ತಾವೂ ಹಿಂದೆ ಬರುತ್ತಿದ್ದರು. ಮೊದಲು ಏನೂ ಕಾಣಲಿಲ್ಲ. ಒಂದು ಬೆಳಿಗ್ಗೆ ನೀಲಿ ದಾರದ ಗಿಡಗಳ ಸುಳಿಯೊಳಗಿಂದ ಹೊಸ ಎಲೆ ಇಣುಕಿತ್ತು, ಗಿಳಿಯ ರೆಕ್ಕೆಯ ಹಸಿರು. ಕೆಂಪು ದಾರದ್ದೂ ಬಿಳಿ ದಾರದ್ದೂ ಹಾಗೇ ಬೆಳ್ಳಗಿದ್ದವು. ಅತ್ತೆಯನ್ನು ಕರೆದು, "ಯಾವುದು ಚಲೋ ಐತ್ರಿ?" ಎಂದು ಮಾತ್ರ ಕೇಳಿದೆ. ಅವರು ತಡಮಾಡದೆ ನೀಲಿಯತ್ತ ಬೆರಳು ಮಾಡಿದರು.

ಅಕ್ಕಾರು ಬಂದಾಗ ಏನೂ ಹೇಳದೆ ಹಿತ್ತಲಿಗೆ ಕರೆದೊಯ್ದೆ. ಅವರು ನೋಡಿದರು, ಒಂದೊಂದು ಗಿಡವನ್ನೂ ಮುಟ್ಟಿ ನೋಡಿದರು, ಆಮೇಲೆ ಚೀಲದಿಂದ ಬಾಟಲಿ ತುಂಬಿದವರು ಬರೆದು ಅಂಟು ಹಚ್ಚಿ ಕೊಟ್ಟಿದ್ದ ಒಂದು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟರು. "ನೀನ ಒಡಿ." ಒಂದು ಬಾಟಲಿಯಲ್ಲಿ ಬರೀ ನೀರು, ಒಂದರಲ್ಲಿ ಕಬ್ಬಿಣದ ಉಪ್ಪು. ನೀಲಿ ದಾರದ್ದು ಸತುವಿನ ಉಪ್ಪು. ನಾನು ಓದಿ ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ನನಗೆ ಕಣ್ಣಲ್ಲಿ ನೀರು ಬಂತು.

ಮರು ವರ್ಷ ಮಾವ ತಾವೇ ಧಾರವಾಡಕ್ಕೆ ಹೇಳಿ ಕಳಿಸಿ ಹೊಲ ಬಿಟ್ಟುಕೊಟ್ಟರು. ಬಿತ್ತುವ ಮೊದಲು ಉಪ್ಪಿನ ಹರಳಿನಂಥ ಸತುವಿನ ಗೊಬ್ಬರವನ್ನು ಮಣ್ಣಿನಲ್ಲಿ ಕಲಸಿ ಬೀರಿದರು. ಎಕರೆಗೆ ಬೇಕಾದದ್ದು ಸಣ್ಣ ಬುಟ್ಟಿಯಷ್ಟು ಎಂದಾಗ ಮಾವನಿಗೆ ನಂಬಿಕೆ ಬರಲಿಲ್ಲ, "ಇಷ್ಟಕ್ಕ ಏನಾದೀತ್ರಿ" ಎಂದು ಎರಡೆರಡು ಸಲ ಕೇಳಿದರು. ಬೆಳೆ ಎದ್ದು ನಿಂತಾಗ ಅಣ್ಣಿಗೇರಿಯ ಆ ಹಿರಿಯರು ನೋಡಲು ಬಂದಿದ್ದರು. ಗಿಡಗಳ ನಡುವೆ ಹೊಕ್ಕವರು ಬಹಳ ಹೊತ್ತು ಹೊರಗೆ ಬರಲಿಲ್ಲ, ಮಾವ ಕೂಗಿ ಕರೆಯಬೇಕಾಯಿತು.

ಆ ವರ್ಷವೇ ಅಕ್ಕಾರು ತಮ್ಮ ಪ್ರಯೋಗಶಾಲೆ ನೋಡಲು ನಮ್ಮನ್ನು ಕರೆದರು. ಮಾವ ಒಗೆದ ಧೋತರ, ರುಮಾಲು ಸುತ್ತಿ ಹೊರಟರು. ಅತ್ತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಅಲ್ಲೊಂದು ಗೋಡೆಯುದ್ದಕ್ಕೂ ಮಣ್ಣಿನ ಬಾಟಲಿಗಳು, ಒಂದೊಂದಕ್ಕೂ ಊರಿನ ಹೆಸರು. ಮಾವನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳುತ್ತ ಹೋದೆ: ಮಿಶ್ರಿಕೋಟಿ, ದುಮ್ಮವಾಡ, ಕುಂದಗೋಳ. ಅವರು ಒಂದೊಂದರ ಮುಂದೂ ನಿಂತರು. ದುಮ್ಮವಾಡದ ಕೆಂಪು ಮಣ್ಣಿಗೂ ಸತು ಸಾಲದೇನು ಎಂದು ಕೇಳಿದರು. ಅದರ ಕಥೆಯೇ ಬೇರೆ ಎಂದು ಅಕ್ಕಾರು ಸ್ಟೂಲು ಎಳೆದುಕೊಟ್ಟು ಹೇಳತೊಡಗಿದರು. ಇಬ್ಬರೂ ಮಾತಿಗೆ ಬಿದ್ದರು. ನಾನು ಮೇಜಿನ ಮೇಲಿನ ಗಾಜಿನ ಕೊಳವೆಗಳನ್ನು ಮುಟ್ಟಲೋ ಬೇಡವೋ ಎಂದು ನೋಡುತ್ತ ನಿಂತಿದ್ದೆ. ಅಕ್ಕಾರು ಮಾತಿನ ನಡುವೆಯೇ ತಿರುಗಿ, "ಮುಟ್ಟು ತಂಗಿ, ಒಡದ್ರ ಒಡೀಲಿ" ಅಂದರು.

ಸಂಶೋಧನೆಯ ಡಿಗ್ರಿ ಮುಗಿದ ಮೇಲೆ ಅಕ್ಕಾರಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಬಂದು, ಹೊರಗಿನಿಂದ ಪರೀಕ್ಷೆ ಕಟ್ಟಿ ಪದವಿ ಮುಗಿಸು ಎಂದು ನನಗೆ ಹೇಳಿದರು. ನಾನು ಮಾವನ ಕಡೆ ನೋಡಿದೆ. ಮಾವ ಎಲೆ ಅಡಿಕೆ ತಟ್ಟೆ ಅಕ್ಕಾರ ಮುಂದೆ ಸರಿಸುತ್ತ, "ಪುಸ್ತಕ ಎಲ್ಲಿ ಸಿಗತಾವ ಅಷ್ಟ ಹೇಳ್ರಿ" ಅಂದರು.