ಓದದೆ ಬಿಟ್ಟ ಎರಡು ಸಾಲು

ಜಂಗಮಕೋಟೆಯಲ್ಲಿ ಯಾರ ಫೋನಿಗೆ ಇಂಗ್ಲಿಷ್ ಮೆಸೇಜ್ ಬಂದರೂ ಅದು ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ನನ್ನ ಕೈಗೆ ಬರುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಈ ವಯಸ್ಸಿನಲ್ಲೂ ಉಪಯೋಗಕ್ಕೆ ಬಂತಲ್ಲ ಎಂದು ನನಗೊಂದು ಸಣ್ಣ ಪ್ರೈಡ್.

ಊರಿಗೆ ಫೈವ್-ಜಿ ಬಂದ ವರ್ಷವೇ ಬ್ಯಾಂಕಿನ ಹೆಸರಲ್ಲಿ ಸುಳ್ಳು ಮೆಸೇಜುಗಳು ಶುರುವಾದವು. ಲಿಂಕ್ ಒತ್ತಿದವರ ಖಾತೆ ಬರಿದಾಯಿತು. ಆಮೇಲೆ ಫೋನ್ ಕಂಪನಿಯ ವಾರ್ನಿಂಗ್ ಬಂತು: ಯಾರೋ ಕಾರಿನಲ್ಲಿ ನಕಲಿ ಟವರ್ ಇಟ್ಟುಕೊಂಡು ಓಡಾಡುತ್ತಿದ್ದಾರೆ, ಹತ್ತಿರದ ಫೋನುಗಳನ್ನು ಕಾವಲಿಲ್ಲದ ಹಳೆಯ ಟು-ಜಿಗೆ ಎಳೆದು ಮೆಸೇಜ್ ತುರುಕುತ್ತಾರೆ. "ಮೇಲೆ ಆಂಟೆನಾ ಇರೋ ಕಾರು ಕಂಡ್ರೆ ಹುಷಾರಪ್ಪ," ಎಂದು ಎಲ್ಲರಿಗೂ ಹೇಳಿದೆ. ಹಾಲಿನ ಕ್ಯೂ ಮುಂದೆ ಸರಿಯುತ್ತಿತ್ತು. ಕೊನೆಯ ಎರಡು ಸಾಲು ಓದದೆ ಫೋನ್ ವಾಪಸ್ ಕೊಟ್ಟೆ.

ಮಾರನೆಯ ಮಧ್ಯಾಹ್ನ ಅಂಥದೇ ಕಾರೊಂದು ಹಿಪ್ಪುನೇರಳೆ ತೋಟದ ಪಕ್ಕ ನಿಂತಿತು. ಒಳಗೆ ಒಬ್ಬಳೇ ಹುಡುಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಗಲಾಟೆ ಕೇಳಿ ನಾನು ಓಡುವಷ್ಟರಲ್ಲಿ ಗಾಜು ಪುಡಿಯಾಗಿತ್ತು. ಸೊಪ್ಪು ಕೊಯ್ಯುತ್ತಿದ್ದವರು ಅವಳನ್ನು ಜಡೆ ಹಿಡಿದೆಳೆದು ನೆಲಕ್ಕೆ ಕೆಡವಿದ್ದರು. ದಿನವೂ ನನಗೆ ನಮಸ್ಕಾರ ಹೇಳುವ ಡೈರಿ ಸೆಕ್ರೆಟರಿ ಅವಳ ಹೊಟ್ಟೆಗೆ ಒದೆಯುತ್ತಿದ್ದ.

"ಯಾರೇ ಕಳ್ಸಿದ್ದು ನಿನ್ನ? ಬೊಗಳು."

"ಕಂಪನಿಯವಳು ಅಣ್ಣ, ಆ ಕಳ್ಳರನ್ನೇ ಹುಡುಕ್ತಿದೀನಿ. ಕಾರ್ಡ್ ನೋಡಿ."

"ಕಾರ್ಡಂತೆ. ಮೊನ್ನೆ ಮೆಸೇಜ್ ಹಾಕ್ದೋರೂ ಬ್ಯಾಂಕಿನೋರು ಅಂತಾನೇ ಅಂದ್ರು ಕಣಮ್ಮ," ಎಂದು ಒಬ್ಬಾಕೆ ನಕ್ಕಳು.

"ಮೆಸೇಜ್ ಒತ್ತೋದು ಈ ಕೈಲೇ ಅಲ್ವಾ," ಎಂದ ಇನ್ನೊಬ್ಬ ಗುದ್ದಲಿಯ ಹಿಂಬದಿಯಿಂದ ಅವಳ ಬಲಗೈಗೆ ಹೊಡೆದ. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅವನು ಮತ್ತೆ ಗುದ್ದಲಿ ಎತ್ತಿದ, ಈ ಸಲ ತಲೆಗೆ.

ನಾನು ಅವಳ ಮೇಲೆ ಬಿದ್ದೆ. ಏಟು ನನ್ನ ಬೆನ್ನಿಗೆ ಬಿತ್ತು. ಆಗ ಹೊಡೆಯುವುದನ್ನು ನಿಲ್ಲಿಸಿದರು.

"ಎದ್ದೇಳಿ ಅಮ್ಮ," ಎಂದ ಸೆಕ್ರೆಟರಿ, ಏದುಸಿರು ಬಿಡುತ್ತ. "ಆಂಟೆನಾ ಕಾರು ಅಂತ ನೀವೇ ತಾನೇ ಹೇಳಿದ್ದು?"

ನನ್ನ ಕೆಳಗಿದ್ದ ಹುಡುಗಿ ನನ್ನ ಮುಖ ನೋಡಿದಳು. ರಕ್ತ ತುಂಬಿದ ಆ ಕಣ್ಣು ನನ್ನನ್ನು ಬಿಡದೆ ನೋಡುತ್ತಲೇ ಇತ್ತು.

ನನ್ನ ಫೋನಿಗೂ ಬಂದಿದ್ದ ಅದೇ ಮೆಸೇಜಿನ ಆ ಎರಡು ಸಾಲನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಓದಿದೆ: ಕಳ್ಳರನ್ನು ಪತ್ತೆ ಮಾಡಲು ನಮ್ಮ ಸಿಬ್ಬಂದಿಯೂ ಇಂಥದೇ ಕಾರಿನಲ್ಲಿ ಬರುತ್ತಾರೆ, ಗುರುತಿನ ಚೀಟಿ ನೋಡಿ ಸಹಕರಿಸಿ. ಪ್ಲೀಸ್ ಎಂದೂ ಇತ್ತು. ಅವಳ ಕೈಗೆ ರಾಡ್ ಹಾಕಿದ್ದರು. ನಾನು ಸಾರಿ ಅಂದೆ.

"ಆ ಕಳ್ರು ಶಿಡ್ಲಘಟ್ಟ ರಸ್ತೇಲೇ ಇದ್ರು ಆಂಟಿ," ಎಂದಳು ಸೂರು ನೋಡುತ್ತ. "ಸಿಗ್ನಲ್ ಹತ್ರ ಹತ್ರ ಬರ್ತಿತ್ತು. ಇನ್ನೆರಡು ನಿಮಿಷ ಬಿಟ್ಟಿದ್ರೆ ಸಿಕ್ಕಿಬಿಡೋರು."

ಹೊಡೆದವರು ಹೊರಗಿನವರು, ಮುಖ ನೋಡಲಿಲ್ಲ ಎಂದು ಇಡೀ ಊರು ಪೊಲೀಸರಿಗೆ ಹೇಳಿತ್ತು. ನಾನು ಸ್ಟೇಷನ್ನಿನಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೆಸರುಗಳನ್ನು ಬರೆಸಿದೆ. ಮೊದಲು ನನ್ನದು.